ಇಲಿಯ ಸೆಲ್ ಲೈನ್‌ನಲ್ಲಿ ವೈರಸ್‌ನಂಥ ಕಣಗಳು ಕಂಡವು, ಎಲ್ಲವನ್ನೂ ಎಸೆಯಬೇಕೇ?

ಪ್ರಶ್ನೆ: ನಾನು ಸಂಶೋಧನಾ ವಿದ್ಯಾರ್ಥಿನಿ. ಇಲಿಯ ಪ್ಲಾಸ್ಮಾ ಕೋಶದ (ಆಂಟಿಬಾಡಿ ತಯಾರಿಸುವ ಕೋಶದ) ಗೆಡ್ಡೆಯಿಂದ ಬಂದ ಒಂದು ಸೆಲ್ ಲೈನ್ (ಲ್ಯಾಬ್‌ನಲ್ಲಿ ಸದಾ ಬೆಳೆಸುವ ಕೋಶಗಳು) ಮೇಲೆ ಕೆಲಸ ಮಾಡುತ್ತೇನೆ. ಕೋಶದಿಂದ ಪ್ರೋಟೀನ್ ಹೇಗೆ ಹೊರಬರುತ್ತದೆ ಎಂದು ನೋಡಲು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರ ತೆಗೆಸಿದ್ದೆ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ (ಇಆರ್, ಪ್ರೋಟೀನ್ ಸಾಗಿಸುವ ಪೊರೆಗಳ ಜಾಲ) ಒಳಗೆಲ್ಲ ಸಣ್ಣ ಸಣ್ಣ ಉಂಗುರಗಳು ಕಂಡವು. ‘ರೆಟ್ರೊವೈರಸ್ ಥರ ಇವೆ’ ಎಂದು ಚಿತ್ರ ತೆಗೆದವರು ಹೇಳಿದರು. ಹುಡುಕಿದಾಗ ‘ಐಎಪಿ’ ಎಂಬ ಹೆಸರು ಸಿಕ್ಕಿತು. ಹಳೆಯ ಪ್ರಬಂಧವೊಂದರಲ್ಲಿದ್ದ ಐಎಪಿ ಪ್ರೈಮರ್ (ಹುಡುಕುವ ಜಾಗಕ್ಕೆ ಅಂಟುವ ಸಣ್ಣ ಡಿಎನ್‌ಎ ತುಂಡು) ತರಿಸಿ, ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿ ಅದರ ಪ್ರತಿಗಳನ್ನು ಹೆಚ್ಚಿಸಿ ನೋಡುವ ಆರ್‌ಟಿ-ಪಿಸಿಆರ್ ಮಾಡಿದೆ. ಜೆಲ್‌ನಲ್ಲಿ ಬ್ಯಾಂಡ್ (ಗೆರೆ) ಜೋರಾಗಿ ಬಂತು. ಆದರೆ ಆರ್‌ಎನ್‌ಎಯಿಂದ ಡಿಎನ್‌ಎ ಮಾಡುವ ಕಿಣ್ವ, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್, ಹಾಕದ ಟ್ಯೂಬ್‌ನಲ್ಲೂ ಬಂತು. ಪಕ್ಕದ ಬೆಂಚಿನವರ ಇಲಿಯ ಫೈಬ್ರೋಬ್ಲಾಸ್ಟ್‌ಗಳಲ್ಲೂ ಬಂತು. ಕೊನೆಗೆ ಅವರ ಮನುಷ್ಯ ಮೂಲದ ಸೆಲ್ ಲೈನ್‌ನಲ್ಲೂ ಮಸುಕಾಗಿ ಒಂದು ಬ್ಯಾಂಡ್! ನನ್ನ ಕಲ್ಚರ್‌ನಿಂದ ವೈರಸ್ ಎಲ್ಲ ಕಡೆ ಹರಡಿತೇ? ಲ್ಯಾಬ್‌ನ ಹಿರಿಯರೊಬ್ಬರು ‘ಅದೆಲ್ಲ ಜಂಕ್ ಡಿಎನ್‌ಎ, ತಲೆ ಕೆಡಿಸ್ಕೋಬೇಡ’ ಎನ್ನುತ್ತಾರೆ. ಇನ್ನೊಬ್ಬರು ‘ಇನ್‌ಕ್ಯುಬೇಟರ್ ಖಾಲಿ ಮಾಡಿ ಹೊಸದಾಗಿ ಶುರು ಮಾಡು’ ಎನ್ನುತ್ತಾರೆ. ಇಷ್ಟು ದಿನ ಈ ಕೋಶಗಳನ್ನು ಮುಟ್ಟಿದ ನನಗೇನಾದರೂ ಅಪಾಯ ಇದೆಯೇ?

ಉತ್ತರ: ಇನ್‌ಕ್ಯುಬೇಟರ್ ಖಾಲಿ ಮಾಡಬೇಡಿ. ನೀವು ಬರೆದಿರುವುದನ್ನು ನೋಡಿದರೆ, ನಿಮ್ಮ ಕಲ್ಚರ್‌ಗೆ ಹೊರಗಿನಿಂದ ಸೋಂಕು ತಗುಲಿದಂತೆ ಕಾಣುವುದಿಲ್ಲ. ಆ ಕೋಶಗಳಲ್ಲಿ ಮೊದಲಿನಿಂದ ಇದ್ದದ್ದೇ ಈಗ ನಿಮ್ಮ ಕಣ್ಣಿಗೆ ಬಿದ್ದಿದೆ. ಹಾಗಂತ ‘ಜಂಕ್, ಬಿಟ್ಟುಬಿಡು’ ಎನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಮನುಷ್ಯರ ಕೋಶದಲ್ಲಿ ಕಂಡ ಆ ಮಸುಕು ಬ್ಯಾಂಡ್‌ಗಂತೂ ಕಾರಣ ಹುಡುಕಲೇಬೇಕು.

ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಜಿನೋಮ್‌ನಲ್ಲಿ (ಕೋಶದ ಪೂರ್ತಿ ಡಿಎನ್‌ಎಯಲ್ಲಿ) ರೆಟ್ರೊವೈರಸ್‌ನಂಥ ಡಿಎನ್‌ಎ ಇದೆಯೇ? ಅದರಿಂದ ಆರ್‌ಎನ್‌ಎ ತಯಾರಾಗುತ್ತಿದೆಯೇ? ಆ ಆರ್‌ಎನ್‌ಎ ಕಣದೊಳಗೆ ಸೇರುತ್ತಿದೆಯೇ? ಆ ಕಣ ಇನ್ನೊಂದು ಕೋಶಕ್ಕೆ ಹೋಗಿ ಸೇರಬಲ್ಲದೇ? ನಾಲ್ಕಕ್ಕೂ ಪರೀಕ್ಷೆ ಬೇರೆ ಬೇರೆ. ಮೊದಲನೆಯದಕ್ಕೆ ‘ಹೌದು’ ಸಿಕ್ಕಿದ ಕೂಡಲೇ ನಾಲ್ಕನೆಯದಕ್ಕೂ ‘ಹೌದು’ ಎಂದುಕೊಳ್ಳುವುದೇ ಇಲ್ಲಿನ ದೊಡ್ಡ ಎಡವಟ್ಟು. ನನ್ನ ಹತ್ತಿರ ಈ ಬಗೆಯ ಚಿತ್ರ, ಜೆಲ್ ಹಿಡಿದುಕೊಂಡು ಬರುವ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಜನ ಇದನ್ನೇ ಮಾಡಿರುತ್ತಾರೆ.

ಇಲಿಯ ಜಿನೋಮ್‌ನ ಸುಮಾರು ಹತ್ತನೇ ಒಂದು ಭಾಗ ರೆಟ್ರೊವೈರಸ್‌ನಂಥ ಡಿಎನ್‌ಎಯಿಂದಲೇ ತುಂಬಿದೆ. ಮನುಷ್ಯರಲ್ಲೂ ಇದು ಸುಮಾರು 8% ಇದೆ. ಎಂದೋ ಒಂದು ಕಾಲದಲ್ಲಿ ರೆಟ್ರೊವೈರಸ್ಸು ಅಂಡ ಅಥವಾ ವೀರ್ಯ ಕೊಡುವ ಕೋಶಕ್ಕೆ ಹೊಕ್ಕಿತು. ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿ ಕ್ರೋಮೋಸೋಮ್‌ಗೆ ಸೇರಿಸಿತು. ಆಮೇಲೆ ತಲೆಮಾರಿನಿಂದ ತಲೆಮಾರಿಗೆ ಇಳಿದುಬಂತು. ಆರ್‌ಎನ್‌ಎಯಿಂದ ಡಿಎನ್‌ಎ ಮಾಡುವ ಕಿಣ್ವವನ್ನು ಹೊವರ್ಡ್ ಟೆಮಿನ್ ಮತ್ತು ಸತೋಶಿ ಮಿಜುತಾನಿ ಒಂದು ಕಡೆ, ಡೇವಿಡ್ ಬಾಲ್ಟಿಮೋರ್ ಇನ್ನೊಂದು ಕಡೆ 1970ರಲ್ಲಿ ತೋರಿಸಿದರು. ಅದಾಗಿ ಒಂದೇ ವರ್ಷಕ್ಕೆ, 1971ರಲ್ಲಿ, ಎಕೆಆರ್ ತಳಿಯ ಇಲಿಯ ಕೋಶಗಳಿಗೆ ಬ್ರೋಮೋಡಿಆಕ್ಸಿಯೂರಿಡಿನ್‌ನಂಥ ರಾಸಾಯನಿಕ ಹಾಕಿದಾಗ ವೈರಸ್ಸೇ ಹೊರಬಂತು. ಸೋಂಕು ಹಚ್ಚಿದವರು ಯಾರೂ ಇಲ್ಲ. ಕೋಶದ ಡಿಎನ್‌ಎ ಒಳಗೇ ಅದು ಅಡಗಿತ್ತು.

ನಿಮ್ಮ ಚಿತ್ರದಲ್ಲಿರುವ ಉಂಗುರಗಳು ಐಎಪಿ, ಅಂದರೆ ಇಂಟ್ರಾಸಿಸ್ಟರ್ನಲ್ ಎ-ಪಾರ್ಟಿಕಲ್, ಎಂದೇ ನನಗೆ ತೋರುತ್ತದೆ. ಚಿತ್ರವನ್ನು ಇನ್ನೊಮ್ಮೆ ತೆಗೆದು ನೋಡಿ. ಒಂದರೊಳಗೆ ಒಂದು ಎರಡು ವೃತ್ತ ಇದೆಯೇ? ನಡುವೆ ತೆಳ್ಳಗೆ, ಖಾಲಿ ಎನ್ನುವಂತೆ ಕಾಣುತ್ತಿದೆಯೇ? ಅಡ್ಡಳತೆ ಸುಮಾರು 70ರಿಂದ 100 ನ್ಯಾನೋಮೀಟರ್ ಇದೆಯೇ? ಕೆಲವು ಇನ್ನೂ ಇಆರ್ ಪೊರೆಯಿಂದ ಒಳಮುಖವಾಗಿ ಮೊಗ್ಗಿನಂತೆ ಉಬ್ಬುತ್ತಿವೆಯೇ? ಎಲ್ಲಕ್ಕೂ ಹೌದು ಎಂದಾದರೆ ಅದು ಐಎಪಿ. ಈಗ ಅದೇ ಚಿತ್ರದಲ್ಲಿ ಕೋಶದ ಹೊರಪೊರೆಯ ಅಂಚನ್ನು ನಿಧಾನವಾಗಿ ಸುತ್ತಿ ಬನ್ನಿ. ಅಲ್ಲಿ ಹೊರಕ್ಕೆ ಮೊಗ್ಗೊಡೆಯುವ ಕಣ, ಕೋಶದ ಹೊರಗೆ ನಡುವೆ ಕಪ್ಪು ತಿರುಳಿರುವ ದುಂಡನೆ ಕಣ ಕಂಡರೆ ಅದು ಸಿ-ಮಾದರಿ. ಇಲಿಯ ಲ್ಯುಕೇಮಿಯಾ ವೈರಸ್, ಅಂದರೆ ಎಂಎಲ್‌ವಿ, ಈ ಗುಂಪಿನದು. ಇವೆರಡರ ವ್ಯತ್ಯಾಸ ಗೊತ್ತಾದರೆ ನಿಮ್ಮ ಅರ್ಧ ಚಿಂತೆ ಇತ್ಯರ್ಥವಾಗುತ್ತದೆ.

ಏಕೆಂದರೆ ಸಾಮಾನ್ಯ ಐಎಪಿ ಕೋಶ ಬಿಟ್ಟು ಆಚೆ ಹೋಗುವುದಿಲ್ಲ. ಇನ್ನೊಂದು ಕೋಶಕ್ಕೆ ಅಂಟಿಕೊಂಡು ಒಳಹೋಗಲು ಬೇಕಾದ ಎನ್ವ್ ಜೀನ್ ಅದರಲ್ಲಿಲ್ಲ. ಕಣದ ಚಿಪ್ಪು ಕಟ್ಟುವ ಗ್ಯಾಗ್ ಪ್ರೋಟೀನ್‌ನ ತುದಿಯಲ್ಲಿ ‘ಇಆರ್‌ಗೆ ಹೋಗು’ ಎನ್ನುವ ಗುರುತಿದೆ. ಹಾಗಾಗಿ ಕಣ ಹುಟ್ಟುವುದೂ ಇಆರ್ ಒಳಗೇ, ಉಳಿಯುವುದೂ ಅಲ್ಲೇ. ಎನ್ವ್ ಇರುವ, ಹೊರಪೊರೆಯಿಂದ ಹೊರಟು ಬೇರೆ ಕೋಶವನ್ನು ಸೇರಬಲ್ಲ ಸಂಬಂಧಿಯೂ ಇಲಿಯ ಜಿನೋಮ್‌ನಲ್ಲಿದೆ. ಅದಕ್ಕೆ ಐಎಪಿ-ಇ ಎಂದು ಹೆಸರು. ಅಂಥ ವೈರಸ್ಸಿನಿಂದಲೇ ಇಂದಿನ ಐಎಪಿಗಳು ಬಂದವು. ಎನ್ವ್ ಕಳೆದುಕೊಂಡು, ಇಆರ್ ಗುರುತು ಪಡೆದು, ಒಂದೇ ಕೋಶದೊಳಗೆ ಜಾಗ ಬದಲಾಯಿಸುತ್ತಾ ಬದುಕುವುದನ್ನು ರೂಢಿಸಿಕೊಂಡವು. ಕಣ ಕಂಡ ಮಾತ್ರಕ್ಕೆ ಸೋಂಕು ಎನ್ನಲಾಗದು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ನಿಮ್ಮ ಸೆಲ್ ಲೈನ್‌ನಲ್ಲೇ ಇಷ್ಟೊಂದು ಏಕೆ ಎಂದರೆ, ಪ್ಲಾಸ್ಮಾ ಕೋಶದ ಗೆಡ್ಡೆಗಳು ಐಎಪಿಗೆ ಮೊದಲಿನಿಂದಲೂ ಹೆಸರಾದವು. ಈ ಕಣಗಳ ಬಗ್ಗೆ ಎಡ್ವರ್ಡ್ ಕಫ್ ಮತ್ತು ಕೀರಾ ಲ್ಯೂಡರ್ಸ್ ದಶಕಗಳ ಕಾಲ ಕೆಲಸ ಮಾಡಿದರು. ಐಎಪಿ ಡಿಎನ್‌ಎ ಇಲಿಯ ಜಿನೋಮ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ ಎಂದು 1977ರಲ್ಲಿ ತೋರಿಸಿದ್ದು ಅವರೇ. ಒಂದು ಸೆಟ್ ಕ್ರೋಮೋಸೋಮ್‌ಗೆ ಸುಮಾರು 1,000 ಪ್ರತಿ ಎನ್ನುವುದು ಆಗಿನಿಂದ ಬಳಕೆಯಲ್ಲಿರುವ ಅಂದಾಜು. ಮುರಿದುಹೋದ ತುಂಡುಗಳನ್ನೂ ಸೇರಿಸಿ ಎಣಿಸಿದರೆ ಇನ್ನೂ ಜಾಸ್ತಿ. ಆರೋಗ್ಯವಂತ ಇಲಿಯ ಹೆಚ್ಚಿನ ಅಂಗಾಂಶಗಳಲ್ಲಿ ಇವೆಲ್ಲ ಮುಚ್ಚಿದ ಬಾಗಿಲು. ಡಿಎನ್‌ಎ ಮೇಲೆ ಮಿಥೈಲ್ ಗುಂಪು ಕೂರಿಸಿ ಕೋಶ ಅವುಗಳ ಬಾಯಿ ಕಟ್ಟಿರುತ್ತದೆ. ಡಿಎನ್‌ಎಂಟಿ1 ಎಂಬ ಮಿಥೈಲ್ ಕೂರಿಸುವ ಕಿಣ್ವ ಇಲ್ಲದ ಇಲಿ ಭ್ರೂಣಗಳಲ್ಲಿ ಐಎಪಿ ಆರ್‌ಎನ್‌ಎ 50ರಿಂದ 100 ಪಟ್ಟು ಏರಿದ್ದನ್ನು 1998ರಲ್ಲಿ ವಾಲ್ಶ್, ಶಾಯೆ ಮತ್ತು ಬೆಸ್ಟರ್ ತೋರಿಸಿದರು. ಭ್ರೂಣದ ಕಾಂಡಕೋಶಗಳಲ್ಲಿ ಇನ್ನೂ ಒಂದು ಕಾವಲಿದೆ. ಟ್ರಿಮ್28 ಮತ್ತು ಸೆಟ್‌ಡಿಬಿ1 ಎಂಬ ಪ್ರೋಟೀನ್‌ಗಳು ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಮೇಲೆ ಗುರುತು ಹಾಕಿ ಆ ಜಾಗವನ್ನು ಬಿಗಿಮಾಡುತ್ತವೆ. ಗೆಡ್ಡೆಯ ಕೋಶಗಳಲ್ಲಿ ಮಿಥೈಲ್ ಕಾವಲು ಸಡಿಲವಾಗುವುದು ಸಾಮಾನ್ಯ. ಆಗ ಸಾವಿರದಲ್ಲಿ ಕೆಲವು ಪ್ರತಿಗಳು ಬಾಯಿಬಿಡುತ್ತವೆ. ಕಣಗಳು ಕಾಣುತ್ತವೆ.

ಹಿರಿಯರು ‘ಜಂಕ್’ ಎಂದದ್ದರ ಬಗ್ಗೆ. ಈ ಪ್ರತಿಗಳ ಎರಡೂ ತುದಿಯಲ್ಲಿ ಎಲ್‌ಟಿಆರ್ ಎನ್ನುವ ಭಾಗ ಇದೆ. ಅದು ಪಕ್ಕದ ಜೀನ್‌ಗೆ ಸ್ವಿಚ್ ಆಗಬಲ್ಲದು. ವೆಹಿ-3ಬಿ ಎಂಬ ಇಲಿಯ ಲ್ಯುಕೇಮಿಯಾ ಸೆಲ್ ಲೈನ್ ಸದಾ ಇಂಟರ್‌ಲ್ಯೂಕಿನ್-3 ಎಂಬ ಪ್ರೋಟೀನ್ ಸುರಿಸುತ್ತಿರುತ್ತದೆ. ಆ ಪ್ರೋಟೀನ್‌ನ ಜೀನ್ ಮುಂದೆ ಐಎಪಿಯೊಂದು ಬಂದು ಕೂತಿರುವುದೇ ಕಾರಣ ಎಂದು 1985ರಲ್ಲಿ ಗೊತ್ತಾಯಿತು. ಇಲಿಗಳಲ್ಲಿ ತಾನಾಗಿ ಕಾಣಿಸಿಕೊಳ್ಳುವ ಮ್ಯುಟೇಶನ್‌ಗಳಲ್ಲಿ ಹತ್ತರಲ್ಲೊಂದರಷ್ಟಕ್ಕೆ ಇಂಥ ಅಂಶಗಳ ಹೊಸ ಜಿಗಿತವೇ ಕಾರಣ. ಅಗೌಟಿ ಎಂಬ ಮೈಬಣ್ಣದ ಜೀನ್ ಪಕ್ಕ ಐಎಪಿ ಕೂತಿರುವ ಇಲಿಗಳನ್ನು ನೋಡಿ. ಒಂದೇ ತಾಯಿಯ, ಒಂದೇ ಡಿಎನ್‌ಎಯ ಮರಿಗಳಲ್ಲಿ ಕೆಲವು ಹಳದಿ ಬಣ್ಣಕ್ಕೆ ತಿರುಗಿ ದಪ್ಪಗಾಗುತ್ತವೆ, ಕೆಲವು ಕಂದಾಗಿಯೇ ಉಳಿಯುತ್ತವೆ. ಆ ಐಎಪಿ ಮೇಲೆ ಮಿಥೈಲ್ ಎಷ್ಟು ಕೂತಿದೆ ಎನ್ನುವುದರ ಮೇಲೆ ಬಣ್ಣ ನಿಲ್ಲುತ್ತದೆ. ತಾಯಿಗೆ ಮಿಥೈಲ್ ಒದಗಿಸುವ ಆಹಾರ ಕೊಟ್ಟರೆ ಕಂದು ಮರಿಗಳು ಹೆಚ್ಚಾಗುತ್ತವೆ ಎಂದು 2003ರಲ್ಲಿ ವಾಟರ್‌ಲ್ಯಾಂಡ್ ಮತ್ತು ಜರ್ಟಲ್ ವರದಿ ಮಾಡಿದರು. ಇದನ್ನೆಲ್ಲ ಸುಮ್ನೆ ಜಂಕ್ ಎಂದು ಬದಿಗೆ ತಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು ನಿಮ್ಮ ಜೆಲ್. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಟ್ಯೂಬ್‌ನಲ್ಲಿ ಬ್ಯಾಂಡ್ ಬಂದದ್ದಕ್ಕೆ ನೀವು ಹೆದರಿದ್ದೀರಿ. ಅದು ಆರ್‌ಎನ್‌ಎ ಜೊತೆ ಉಳಿದುಹೋದ ಜಿನೋಮ್ ಡಿಎನ್‌ಎ, ಅಷ್ಟೇ. ಒಂದೇ ಪ್ರತಿ ಇರುವ ಜೀನ್‌ನಲ್ಲಿ ಅಷ್ಟು ಚೂರು ಡಿಎನ್‌ಎ ಕಣ್ಣಿಗೆ ಬೀಳುವುದಿಲ್ಲ. ಐಎಪಿ ಹಾಗಲ್ಲ. ಸಾವಿರಾರು ಜನಕ್ಕೆ ಒಂದೇ ಹೆಸರಿರುವ ಊರಿನಲ್ಲಿ ನಿಂತು ಆ ಹೆಸರು ಕೂಗಿದ ಹಾಗೆ. ಒಂದು ಕೋಶದಲ್ಲಿ ಸುಮಾರು ಎರಡು ಸಾವಿರ ಪ್ರತಿ ಇದ್ದರೆ, ಒಂದೇ ಕೋಶದ ಡಿಎನ್‌ಎಯ ನೂರನೇ ಒಂದು ಭಾಗ ಬಿದ್ದರೂ ಪಿಸಿಆರ್ ಹಿಡಿದುಬಿಡುತ್ತದೆ. ಮಾಮೂಲಿ ಜೀನ್‌ಗಳಿಗೆ ನಾವು ಪ್ರೈಮರ್‌ಗಳನ್ನು ಇಂಟ್ರಾನ್‌ನ (ಡಿಎನ್‌ಎಯಲ್ಲಿದ್ದು ಆರ್‌ಎನ್‌ಎಯಿಂದ ಕತ್ತರಿಸಿಹೋಗುವ ತುಂಡಿನ) ಆಚೆ ಈಚೆ ಇಟ್ಟು ತಪ್ಪಿಸಿಕೊಳ್ಳುತ್ತೇವೆ ಅಲ್ವಾ? ಇಲ್ಲಿ ಆ ಉಪಾಯ ನಡೆಯುವುದಿಲ್ಲ. ಐಎಪಿಯ ಪೂರ್ತಿ ಉದ್ದದ ಆರ್‌ಎನ್‌ಎಗೆ ಇಂಟ್ರಾನ್ ಇಲ್ಲ. ಹಾಗಾಗಿ ಡಿಎನ್‌ಏಸ್ ಎಂಬ, ಡಿಎನ್‌ಎ ಒಡೆಯುವ ಕಿಣ್ವ ಹಾಕಿಯೇ ಡಿಎನ್‌ಎ ತೆಗೆಯಬೇಕು, ಬೇಕಾದರೆ ಎರಡು ಸಲ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕಿದ ಟ್ಯೂಬ್‌ಗೂ ಹಾಕದ ಟ್ಯೂಬ್‌ಗೂ ರಿಯಲ್-ಟೈಮ್ ಪಿಸಿಆರ್‌ನಲ್ಲಿ ಕನಿಷ್ಠ ಏಳೆಂಟು ಸೈಕಲ್ ಅಂತರ ಬರುವ ತನಕ ನಾನು ಯಾರ ಐಎಪಿ ಆರ್‌ಎನ್‌ಎ ಫಲಿತಾಂಶವನ್ನೂ ನಂಬುವುದಿಲ್ಲ.

ಪ್ರೈಮರ್ ಎಲ್ಲಿ ಕೂರುತ್ತದೆ ಎನ್ನುವುದನ್ನೂ ನೋಡಿಕೊಳ್ಳಿ. ಪೂರ್ತಿ ಐಎಪಿ ಸುಮಾರು 7,200 ಬೇಸ್ ಉದ್ದ. ಇದರಲ್ಲಿ ಗ್ಯಾಗ್‌ನ ಕೊನೆ, ಕಿಣ್ವಗಳ ಜೀನ್ ಆದ ಪೋಲ್‌ನ ಆರಂಭದಲ್ಲಿ ಸುಮಾರು 1,900 ಬೇಸ್ ಕಳೆದುಕೊಂಡ ಒಂದು ಬಗೆ ಇದೆ. ಅದರ ಆರ್‌ಎನ್‌ಎ ಸುಮಾರು 5,400 ಬೇಸ್. ನಿಮ್ಮಲ್ಲಿರುವಂಥ ಪ್ಲಾಸ್ಮಾಸೈಟೋಮಾ (ಪ್ಲಾಸ್ಮಾ ಕೋಶದ ಗೆಡ್ಡೆ) ಕೋಶಗಳಲ್ಲಿ, ಆರ್‌ಎನ್‌ಎಯನ್ನು ಉದ್ದದ ಪ್ರಕಾರ ಬೇರ್ಪಡಿಸಿ ನೋಡುವ ನಾರ್ದರ್ನ್ ಬ್ಲಾಟ್ ಮಾಡಿದರೆ ಈ ಎರಡೂ ಕಾಣುತ್ತವೆ. ಹೊಸ ಜಾಗಕ್ಕೆ ಜಿಗಿದು ಮ್ಯುಟೇಶನ್ ಮಾಡುವುದರಲ್ಲಿ ಈ ಗಿಡ್ಡ ಬಗೆಯೇ ಮುಂದು. ಪ್ರೈಮರ್ ಆ ಕಳೆದುಹೋದ ಭಾಗಕ್ಕೆ ಬಿದ್ದಿದ್ದರೆ ನಿಮಗೆ ಮುಖ್ಯವಾದದ್ದೇ ಕಾಣುವುದಿಲ್ಲ. ಗ್ಯಾಗ್‌ನ ಮೊದಲ ಭಾಗಕ್ಕೆ ಒಂದು ಜೊತೆ, ಕಳೆದುಹೋಗುವ ಭಾಗಕ್ಕೆ ಒಂದು ಜೊತೆ ಇಟ್ಟುಕೊಳ್ಳಿ.

ಫೈಬ್ರೋಬ್ಲಾಸ್ಟ್‌ಗಳಲ್ಲಿ ಬ್ಯಾಂಡ್ ಬಂದದ್ದು ಸಹಜ. ಇಲಿಯ ಕೋಶ ಎಂದ ಮೇಲೆ ಐಎಪಿ ಡಿಎನ್‌ಎ ಇರಲೇಬೇಕು.

ಮನುಷ್ಯ ಮೂಲದ ಕೋಶದ ವಿಷಯ ಹಾಗಲ್ಲ. ಇಲ್ಲಿ ನಿಮಗೊಂದು ನಡೆದ ಕತೆ ಹೇಳಲೇಬೇಕು. 2006ರಲ್ಲಿ ಮನುಷ್ಯರ ಪ್ರಾಸ್ಟೇಟ್ ಕ್ಯಾನ್ಸರ್ ಅಂಗಾಂಶದಲ್ಲಿ ಇಲಿಯ ಲ್ಯುಕೇಮಿಯಾ ವೈರಸ್‌ಗೆ ಹತ್ತಿರದ ವೈರಸ್ಸು ಸಿಕ್ಕಿತು ಎಂಬ ವರದಿ ಬಂತು. ಅದಕ್ಕೆ ಎಕ್ಸ್‌ಎಂಆರ್‌ವಿ ಎಂದು ಹೆಸರಿಟ್ಟರು. 2009ರಲ್ಲಿ ಕ್ರಾನಿಕ್ ಫ್ಯಾಟೀಗ್ ಸಿಂಡ್ರೋಮ್ ರೋಗಿಗಳ ರಕ್ತದಲ್ಲೂ ಇದೆ ಎಂದು ಇನ್ನೊಂದು ಪ್ರಬಂಧ ಬಂತು. ಕಾಯಿಲೆಯಿಂದ ನರಳುತ್ತಿದ್ದ ಎಷ್ಟೋ ಜನ ಕೊನೆಗೂ ಕಾರಣ ಸಿಕ್ಕಿತು ಎಂದು ನಂಬಿದರು. ಕೆಲವರು ಎಚ್‌ಐವಿ ಔಷಧಿ ಕೂಡ ನುಂಗಿದರು. ಆಮೇಲೆ ಬೇರೆ ಲ್ಯಾಬ್‌ಗಳು ಮಾದರಿಗಳನ್ನು ಪರೀಕ್ಷಿಸಿದವು. ಎಕ್ಸ್‌ಎಂಆರ್‌ವಿ ಥರದ ಬ್ಯಾಂಡ್ ಬಂದ ಮಾದರಿಗಳಲ್ಲಿ ಐಎಪಿ ಬ್ಯಾಂಡೂ ಬಂತು. ಅಂದರೆ ಅಲ್ಲಿದ್ದದ್ದು ಇಲಿಯ ಡಿಎನ್‌ಎ. ಕೆಲವು ಕಡೆ ಅದು ಬಂದದ್ದು ಪಿಸಿಆರ್ ಕಿಟ್‌ನಿಂದಲೇ. ಪಿಸಿಆರ್‌ನ ಹಾಟ್-ಸ್ಟಾರ್ಟ್ ಕಿಣ್ವವನ್ನು ಬಿಸಿಯಾಗುವ ತನಕ ತಡೆಹಿಡಿಯಲು ಹಾಕುವ ಆಂಟಿಬಾಡಿ ಇಲಿಯ ಹೈಬ್ರಿಡೋಮಾದಿಂದ (ಆಂಟಿಬಾಡಿಗೆಂದು ಬೆಸೆದು ಬೆಳೆಸಿದ ಕೋಶಗಳಿಂದ) ತಯಾರಾಗಿದ್ದು, ಅದರ ಜೊತೆ ಚೂರು ಡಿಎನ್‌ಎ ಬಂದಿತ್ತು. ಇನ್ನು ಆ ವೈರಸ್ಸು ಹುಟ್ಟಿದ್ದೆಲ್ಲಿ? ಮನುಷ್ಯರ ಪ್ರಾಸ್ಟೇಟ್ ಗೆಡ್ಡೆಯನ್ನು ರೋಗನಿರೋಧಕ ಶಕ್ತಿ ಇಲ್ಲದ ಇಲಿಗಳಲ್ಲಿ ಬೆಳೆಸುವಾಗ, ಇಲಿಯ ಜಿನೋಮ್‌ನಲ್ಲಿದ್ದ ಎರಡು ವೈರಸ್ ತುಂಡುಗಳು ಸೇರಿಕೊಂಡು ಹುಟ್ಟಿತ್ತು. ಇದು 2011ರಲ್ಲಿ ತಿಳಿಯಿತು. ಅದೇ ವರ್ಷ 2009ರ ಪ್ರಬಂಧವನ್ನು ಹಿಂಪಡೆಯಲಾಯಿತು. ರೋಗಿಗಳು ಪಟ್ಟ ನಿರಾಸೆಯನ್ನು ನೆನೆದರೆ ನನಗೆ ಈಗಲೂ ಬೇಸರವಾಗುತ್ತದೆ. ಎಲ್ಲರೂ ಮೊದಲೇ ಒಂದು ಐಎಪಿ ಪಿಸಿಆರ್ ಮಾಡಿದ್ದರೆ ಅದರಲ್ಲಿ ಎಷ್ಟೋ ತಪ್ಪುತ್ತಿತ್ತು.

ನಿಮ್ಮ ಕೈಯಲ್ಲಿ ಈಗಿರುವುದು ಅದೇ ಪರೀಕ್ಷೆ. ಮನುಷ್ಯರ ಕೋಶದಲ್ಲಿ ಐಎಪಿ ಬ್ಯಾಂಡ್ ಬಂದಿದೆ. ಐಎಪಿ ತಾನಾಗಿ ಕೋಶ ದಾಟುವುದಿಲ್ಲ. ಆದ್ದರಿಂದ ಅಲ್ಲಿಗೆ ಇಲಿಯ ಡಿಎನ್‌ಎಯೋ ಇಲಿಯ ಕೋಶವೋ ಸೇರಿದೆ ಎನ್ನುವುದು ಮೊದಲ ಅನುಮಾನ. ದಾರಿಗಳು ಹಲವು: ಒಂದೇ ನೀರಿನ ಬಾಟಲಿ, ಒಂದೇ ಪಿಪೆಟ್, ಕಿಣ್ವದ ಕಿಟ್, ಬೇರೆ ಕೋಶಗಳಿಗೆ ಆಸರೆಯಾಗಿ ಹಾಕುವ ಫೀಡರ್ ಕೋಶಗಳು, ಇಲಿಯ ಸಾರ್ಕೋಮಾದಿಂದ ತಯಾರಾಗುವ ಮ್ಯಾಟ್ರಿಜೆಲ್ ಎಂಬ ಹಾಸು. ಡಿಎನ್‌ಎ ಹಾಕದೆ, ಬರೀ ನೀರು ಹಾಕಿದ ಟ್ಯೂಬ್‌ಗಳನ್ನು ಒಂದಲ್ಲ, ಹತ್ತಾರು ಓಡಿಸಿ. ಅವುಗಳಲ್ಲಿ ಕೆಲವಾದರೂ ಬ್ಯಾಂಡ್ ಕೊಟ್ಟರೆ ತಪ್ಪು ಕಿಟ್ ಅಥವಾ ಬೆಂಚಿನದು. ಆ ಬ್ಯಾಂಡನ್ನು ಕತ್ತರಿಸಿ ಸೀಕ್ವೆನ್ಸ್ ಮಾಡಿಸಿ. ಮನುಷ್ಯರ ಜಿನೋಮ್‌ನಲ್ಲಿರುವ ಹರ್ವ್-ಕೆ ಎಂಬ ರೆಟ್ರೊವೈರಸ್ ಅಂಶಗಳು ಐಎಪಿಗೆ ದೂರದ ನೆಂಟರು. ಪ್ರೈಮರ್ ಸಡಿಲವಾಗಿ ಅಲ್ಲಿ ಕೂತಿದ್ದರೆ ಸೀಕ್ವೆನ್ಸ್ ಹೇಳಿಬಿಡುತ್ತದೆ. ಕೋಶಗಳೇ ಬೆರೆತಿವೆಯೇ ಎಂದು ತಿಳಿಯಲು ಇಲಿಯ ಮೈಟೊಕಾಂಡ್ರಿಯಾ ಡಿಎನ್‌ಎಗೆ ಪಿಸಿಆರ್ ಮಾಡಿ, ಜೊತೆಗೆ ಸೆಲ್ ಲೈನ್‌ನ ಗುರುತು ಹೇಳುವ ಎಸ್‌ಟಿಆರ್ ಪ್ರೊಫೈಲ್ ಮಾಡಿಸಿ.

ಮನುಷ್ಯರ ಅದೇ ಕೋಶದಲ್ಲಿ ಎಂಎಲ್‌ವಿ ಪ್ರೈಮರ್‌ನಿಂದಲೂ ನೋಡಿ. ಐಎಪಿ ಇಲ್ಲ, ಎಂಎಲ್‌ವಿ ಜೋರಾಗಿದೆ ಎಂದು ಬಂದರೆ ಆಗ ಎಚ್ಚರಿಕೆ ಬೇಕು. ಇಲಿಯ ಮೈಯಲ್ಲಿ ಒಮ್ಮೆ ಬೆಳೆಸಿ ತೆಗೆದ ಮನುಷ್ಯರ ಗೆಡ್ಡೆಯ ಸೆಲ್ ಲೈನ್‌ಗಳಲ್ಲಿ ಸೋಂಕು ಹರಡಬಲ್ಲ ಝೀನೊಟ್ರೋಪಿಕ್ (ಬೇರೆ ಜಾತಿಯ ಕೋಶಗಳಲ್ಲಿ ಬೆಳೆಯುವ) ಎಂಎಲ್‌ವಿ ಆಗಾಗ ಸಿಕ್ಕಿದೆ. ಅದು ಎಕ್ಸ್‌ಪಿಆರ್1 ಎಂಬ ಗ್ರಾಹಕ ಹಿಡಿದು ಮನುಷ್ಯರ ಕೋಶಕ್ಕೆ ಹೋಗಬಲ್ಲದು. ಕಲ್ಚರ್ ತೆರೆದು ಕೆಲಸ ಮಾಡುವ ಒಂದೇ ಹುಡ್‌ನಲ್ಲಿ (ಗಾಳಿ ಸೋಸುವ ಪೆಟ್ಟಿಗೆಯಲ್ಲಿ) ಬೇರೆ ಕಲ್ಚರ್‌ಗಳಿಗೂ ದಾಟಬಲ್ಲದು.

ಹೀಗೆ ಸೋಂಕಿನ ಪ್ರಶ್ನೆ ನಿಜವಾಗಿ ಇರುವುದು ಎಂಎಲ್‌ವಿ ಬಗ್ಗೆ. ನಿಮ್ಮ ಪ್ಲಾಸ್ಮಾಸೈಟೋಮಾದಲ್ಲೂ ಐಎಪಿ ಜೊತೆಗೆ ಅದು ಇರಬಹುದು. ಇಲಿಯ ಹೈಬ್ರಿಡೋಮಾದಿಂದ ಔಷಧಿ ತಯಾರಿಸುವವರು ರೆಟ್ರೊವೈರಸ್ ಇದೆ ಎಂದೇ ಲೆಕ್ಕ ಹಿಡಿದು, ಶುದ್ಧೀಕರಣದ ಪ್ರತಿ ಹಂತದಲ್ಲೂ ಅದು ಎಷ್ಟು ಕಡಿಮೆಯಾಯಿತು ಎಂದು ತೋರಿಸಬೇಕಾಗುತ್ತದೆ. ಕಲ್ಚರ್‌ನ ಮೇಲಿನ ದ್ರವವನ್ನು ಸಣ್ಣ ಫಿಲ್ಟರ್‌ನಲ್ಲಿ ಸೋಸಿ ಪರ್ಟ್ ಪರೀಕ್ಷೆ ಮಾಡಿಸಿ. ಎಂಎಸ್2 ಎಂಬ ಫೇಜ್‌ನ (ಬ್ಯಾಕ್ಟೀರಿಯಾಗೆ ತಗಲುವ ವೈರಸ್‌ನ) ಆರ್‌ಎನ್‌ಎ ಕೊಟ್ಟು, ಅದನ್ನು ಡಿಎನ್‌ಎ ಮಾಡುವ ಕಿಣ್ವ ದ್ರವದಲ್ಲಿದೆಯೇ ಎಂದು ಪಿಸಿಆರ್‌ನಿಂದ ಅಳೆಯುವ ವಿಧಾನ ಇದು. ತುಂಬಾ ಸೂಕ್ಷ್ಮ. ಸತ್ತ ಕೋಶಗಳಿಂದ ಸೋರಿದ ಮಾಮೂಲಿ ಡಿಎನ್‌ಎ ಪಾಲಿಮರೇಸ್ ಕೂಡ ಇದರಲ್ಲಿ ಸುಳ್ಳು ಸಂಕೇತ ಕೊಡುತ್ತದೆ. ಆದ್ದರಿಂದ ಆರೋಗ್ಯವಾಗಿ ಬೆಳೆಯುತ್ತಿರುವ ಕಲ್ಚರ್‌ನ ದ್ರವವನ್ನೇ ಕೊಡಿ. ಪರ್ಟ್ ಪಾಸಿಟಿವ್ ಬಂದರೂ ಅದು ಕಿಣ್ವದ ಸುದ್ದಿ ಮಾತ್ರ. ಸೋಂಕು ಹೌದೋ ಅಲ್ಲವೋ ಎನ್ನಲು ಆ ದ್ರವವನ್ನು ಮಸ್ ಡುನ್ನಿ ಎಂಬ ಜಾತಿಯ ಇಲಿಯ ಕೋಶಗಳ ಮೇಲೆ ಹಾಕಿ, ಹಲವು ಸಲ ಪ್ಯಾಸೇಜ್ ಮಾಡಿ (ಹೊಸ ತಟ್ಟೆಗೆ ಹಾಕಿ ಬೆಳೆಸಿ), ವೈರಸ್ಸು ಬೆಳೆಯುತ್ತದೆಯೇ ಎಂದು ನೋಡಬೇಕು. ಎಂಎಲ್‌ವಿಯ ಬಹುತೇಕ ಬಗೆಗಳು ಆ ಕೋಶದಲ್ಲಿ ಬೆಳೆಯುತ್ತವೆ.

ನಿಮ್ಮ ಆರೋಗ್ಯದ ಪ್ರಶ್ನೆ. ಐಎಪಿಯಿಂದ ಮನುಷ್ಯರಿಗೆ ಕಾಯಿಲೆ ಬಂದದ್ದಕ್ಕೆ ಪುರಾವೆ ಇಲ್ಲ. ಎಂಎಲ್‌ವಿ ಇದ್ದರೂ, ಇಲಿಯ ಕೋಶದಿಂದ ಹೊರಟ ಕಣದ ಮೇಲೆ ಆಲ್ಫಾ-ಗ್ಯಾಲ್ ಎಂಬ ಸಕ್ಕರೆ ಅಂಟಿರುತ್ತದೆ. ನಮ್ಮ ರಕ್ತದಲ್ಲಿ ಅದರ ವಿರುದ್ಧ ಆಂಟಿಬಾಡಿ ಸದಾ ಇರುತ್ತದೆ. ಅದು ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನ್‌ಗಳ ಜೊತೆ ಸೇರಿ ಕಣವನ್ನು ಒಡೆದುಹಾಕುತ್ತದೆ. ಮನುಷ್ಯರ ಕೋಶದಲ್ಲೇ ಬೆಳೆದ ಎಂಎಲ್‌ವಿಗೆ ಈ ಸಕ್ಕರೆ ಇರುವುದಿಲ್ಲ, ಆ ಕಾವಲು ಅಲ್ಲಿ ಕೆಲಸ ಮಾಡುವುದಿಲ್ಲ. ಪಕ್ಕದ ಬೆಂಚಿನ ಕೋಶದ ಬಗ್ಗೆ ನಾನು ಇಷ್ಟು ಒತ್ತಾಯಿಸುವುದಕ್ಕೆ ಇದೂ ಒಂದು ಕಾರಣ. ಅಪಾಯ ಸೊನ್ನೆ ಎನ್ನುವುದಿಲ್ಲ. ಜೀನ್ ಚಿಕಿತ್ಸೆಯ ಪ್ರಯೋಗದಲ್ಲಿ, ನಿರೋಧಕ ಶಕ್ತಿ ಕುಂದಿಸಿದ 10 ಕೋತಿಗಳಲ್ಲಿ 3ಕ್ಕೆ, ಜೀನ್ ಹೊತ್ತೊಯ್ಯುವ ವೆಕ್ಟರ್ ಜೊತೆ ಬೆರೆತಿದ್ದ ಬೆಳೆಯಬಲ್ಲ ಎಂಎಲ್‌ವಿಯಿಂದ ಲಿಂಫೋಮಾ ಬಂದದ್ದು 1992ರಲ್ಲಿ ವರದಿಯಾಗಿದೆ. ಕೈಗವಸು ಹಾಕಿ, ಜೈವಿಕ ಸುರಕ್ಷತಾ ಹುಡ್ ಒಳಗೆ, ಸೂಜಿ ಬಳಸದೆ ಕೆಲಸ ಮಾಡಿದ್ದರೆ ನೀವು ನಿದ್ದೆಗೆಡಬೇಕಾಗಿಲ್ಲ. ಸೂಜಿ ಚುಚ್ಚಿಕೊಂಡಿದ್ದರೆ, ಅಥವಾ ನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುತ್ತಿದ್ದರೆ, ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಅಧಿಕಾರಿಗೂ ವೈದ್ಯರಿಗೂ ಹೇಳಿ.

ಈಗ ನಿಮ್ಮ ಮುಂದಿರುವ ದಾರಿ. ಇದೇ ಸೆಲ್ ಲೈನ್‌ನಲ್ಲಿ ಮುಂದುವರಿಯಬಹುದು. ನಿಮ್ಮ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಆದರೆ ನಿಮ್ಮ ವಿಷಯ ಇಆರ್‌ನಿಂದ ಪ್ರೋಟೀನ್ ಹೊರಹೋಗುವುದು. ಕಣಗಳು ತುಂಬಿದ ಇಆರ್ ಒತ್ತಡದಲ್ಲಿರಬಹುದು. ಆ ಗೊಂದಲ ನಿಮ್ಮ ಫಲಿತಾಂಶದಲ್ಲಿ ಸೇರಿಕೊಳ್ಳದಂತೆ ಐಎಪಿ ಕಡಿಮೆ ಇರುವ ಇನ್ನೊಂದು ಸೆಲ್ ಲೈನ್‌ನಲ್ಲೂ ಮುಖ್ಯ ಪ್ರಯೋಗ ಮಾಡಿ ತೋರಿಸಬೇಕಾಗುತ್ತದೆ. ಸೆಲ್ ಲೈನನ್ನೇ ಬದಲಾಯಿಸುತ್ತೇನೆ ಎಂದರೆ ಕಷ್ಟ ಬೇರೆ. ಐಎಪಿ ಇಲ್ಲದ ಇಲಿ ಇಲ್ಲ. ಹ್ಯಾಮ್‌ಸ್ಟರ್‌ನ ಸಿಎಚ್‌ಒ ಕೋಶಗಳಿಗೆ ಹೋದರೂ ಅಲ್ಲೂ ಇಂಥ ಕಣಗಳಿವೆ. ಆಂಟಿಬಯಾಟಿಕ್ ಹಾಕಿ, ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ತೊಳೆದ ಹಾಗೆ ತೊಳೆಯಲು ಬರುವುದಿಲ್ಲ. ಕ್ರಿಸ್ಪರ್ ಎಂಬ ಡಿಎನ್‌ಎ ಕತ್ತರಿಯಿಂದ ಕತ್ತರಿಸೋಣ ಎಂದು ಕೆಲವರು ಕೇಳುತ್ತಾರೆ. ಹಂದಿಯ ಒಂದು ಸೆಲ್ ಲೈನ್‌ನಲ್ಲಿ 62 ರೆಟ್ರೊವೈರಸ್ ಪ್ರತಿಗಳನ್ನು 2015ರಲ್ಲಿ ಹಾಗೆ ನಿಷ್ಕ್ರಿಯಗೊಳಿಸಿದ್ದು ನಿಜ. ಆದರೆ ಐಎಪಿ ಇರುವ ಸಾವಿರ ಜಾಗದಲ್ಲಿ ಕ್ರೋಮೋಸೋಮ್ ಕತ್ತರಿಸಿದರೆ ಕೋಶ ಉಳಿಯುವುದೇ ಅನುಮಾನ. ಕ್ರಿಸ್ಪರ್‌ನಿಂದ ಎಲ್‌ಟಿಆರ್‌ಗಳನ್ನು ಕತ್ತರಿಸದೆ ಬಾಯಿ ಮುಚ್ಚಿಸಬಹುದು, ಆಗ ಪಕ್ಕದ ಜೀನ್‌ಗಳೂ ಮುಚ್ಚಿಕೊಳ್ಳುವ ಸಂಭವ ಇದೆ. ಮತ್ತೊಂದು ಮಾತು: 5-ಅಜಾಸೈಟಿಡಿನ್‌ನಂಥ ಮಿಥೈಲ್ ತೆಗೆಯುವ ಔಷಧಿಯನ್ನು ಈ ಕೋಶಗಳಿಗೆ ಹಾಕುವ ಯೋಚನೆ ಇದ್ದರೆ, ಐಎಪಿ ಇನ್ನೂ ಏರುತ್ತದೆ ಎಂದು ಗೊತ್ತಿದ್ದೇ ಹಾಕಿ.

ಇದನ್ನೇ ವಿಷಯವಾಗಿ ಎತ್ತಿಕೊಳ್ಳುವ ಆಸೆ ಹುಟ್ಟಿದರೆ ನನಗೆ ಸಂತೋಷ. ಯಾವ ಪ್ರತಿ ಬಾಯಿಬಿಡುತ್ತಿದೆ ಎಂದು ಕಂಡುಹಿಡಿಯುವುದೇ ಅಲ್ಲಿನ ಕಷ್ಟ. ಗಿಡ್ಡ ರೀಡ್‌ಗಳ (ಒಂದು ಸಲಕ್ಕೆ ಓದುವ ಸಣ್ಣ ತುಂಡುಗಳ) ಆರ್‌ಎನ್‌ಎ ಸೀಕ್ವೆನ್ಸಿಂಗ್‌ನಲ್ಲಿ ಒಂದೇ ರೀಡ್ ನೂರಾರು ಜಾಗಕ್ಕೆ ಹೊಂದುತ್ತದೆ. ‘ಐಎಪಿ ಒಟ್ಟು ಏರಿದೆ’ ಎನ್ನಬಹುದು, ‘ಇಂಥ ಕ್ರೋಮೋಸೋಮ್‌ನ ಈ ಪ್ರತಿ’ ಎನ್ನಲು ಉದ್ದ ರೀಡ್ ಬೇಕು. ಮಿಥೈಲ್ ನೋಡಲು ಬೈಸಲ್ಫೈಟ್ ಎಂಬ ವಿಧಾನ ಇದೆ. ಸಣ್ಣ ಬಜೆಟ್‌ಗೆ ಎಚ್‌ಪಿಎ-2 ಮತ್ತು ಎಂಎಸ್‌ಪಿ-1 ಕಿಣ್ವಗಳ ಜೋಡಿ ಸಾಕು. ಎರಡೂ ಡಿಎನ್‌ಎಯ ಒಂದೇ ಜಾಗ (ಸಿಸಿಜಿಜಿ) ಕತ್ತರಿಸುತ್ತವೆ. ಒಳಗಿನ ಸಿ ಮೇಲೆ ಮಿಥೈಲ್ ಇದ್ದರೆ ಮೊದಲನೆಯದು ಕತ್ತರಿಸುವುದಿಲ್ಲ, ಎರಡನೆಯದು ಕತ್ತರಿಸುತ್ತದೆ.

ಈ ವಾರ ಮಾಡಬೇಕಾದದ್ದು ಇಷ್ಟು. ಈಗಿನ ಪ್ಯಾಸೇಜ್‌ನಿಂದ ಕೆಲವು ವಯಲ್ ಫ್ರೀಜ್ ಮಾಡಿಡಿ. ಹೊಸ ಕಿಟ್, ಹೊಸ ನೀರು ತೆಗೆದುಕೊಂಡು, ಡಿಎನ್‌ಏಸ್ ಹಾಕಿ ಆರ್‌ಟಿ-ಪಿಸಿಆರ್ ಇನ್ನೊಮ್ಮೆ ಮಾಡಿ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರಗಳಲ್ಲಿ ಹೊರಪೊರೆಯ ಅಂಚು ನೋಡಿ. ಪಕ್ಕದ ಬೆಂಚಿನವರಿಗೆ ಅವರ ಕೋಶದ ವಿಷಯ ಇವತ್ತೇ ತಿಳಿಸಿ, ಎಂಎಲ್‌ವಿ ಮತ್ತು ಎಸ್‌ಟಿಆರ್ ಫಲಿತಾಂಶ ಬರುವ ತನಕ ಎರಡೂ ಸೆಲ್ ಲೈನ್‌ಗಳಿಗೆ ಬೇರೆ ಮೀಡಿಯಾ ಬಾಟಲಿ ಇಟ್ಟುಕೊಳ್ಳಿ, ಒಂದೇ ಹೊತ್ತಿನಲ್ಲಿ ಹುಡ್ ಒಳಗೆ ಎರಡನ್ನೂ ತೆರೆಯಬೇಡಿ.